ಹಿತ್ತಲಿನ ಎರಡನೆಯ ತೆಂಗು

ಅರಕೆರೆಯಲ್ಲಿ ನನ್ನನ್ನು ಫ್ಯಾಟ್ ಚಿಕ್ಕಸ್ವಾಮಿ ಅಂತಲೇ ಕರೆಯುತ್ತಾರೆ. ಮೈಯಲ್ಲಿ ಕೊಬ್ಬೇನೂ ಇಲ್ಲ, ಕಡ್ಡಿಯ ಹಾಗಿದ್ದೇನೆ. ಹಾಲಿನ ಡೈರಿಯಲ್ಲಿ ಬೆಳಿಗ್ಗೆ ಸಂಜೆ ಜನ ತಂದ ಹಾಲಿನ ಫ್ಯಾಟ್ ನೋಡುವ ಕೆಲಸ ನನ್ನದು, ಅದಕ್ಕೆ ಆ ಹೆಸರು. ಒಂದು ಲೋಟ ನೀರು ಬೆರೆಸಿದರೂ ನನ್ನ ಕಣ್ಣು ತಪ್ಪಿಸುವುದಕ್ಕಾಗುವುದಿಲ್ಲ. "ಕಾಲ್ವೆ ನೀರ ಉಯ್ಕಂಡ್ ಬಂದಿದ್ದೀಯಲ್ಲ, ನಾಚ್ಕೆ ಆಗಾಕಿಲ್ವಾ ನಿಂಗೆ?" ಎಂದು ಸಾಲಿನಲ್ಲಿ ನಿಲ್ಲಿಸಿ ಎಷ್ಟು ಜನರ ಮಾನ ಕಳೆದಿದ್ದೇನೋ. ಇಂಥ ನಾನು ಒಬ್ಬ ಹೆಂಗಸಿಗೆ ಎಂಟು ವರ್ಷ ಸುಳ್ಳು ಹೇಳಿದೆ. ಹೇಳಬೇಕಾಗಿರುವುದು ಅವಳ ಕಥೆ. ನನ್ನದೂ ಜೊತೆಗೆ ಬಂದುಬಿಡುತ್ತದೆ, ಏನು ಮಾಡುವುದು!

ಅವಳ ಹೆಸರು ಸೋಮಮ್ಮ. ಕೆ.ಆರ್. ಪೇಟೆ ತಾಲ್ಲೂಕಿನವಳು, ಹೇಮಗಿರಿ ಹತ್ತಿರ ಹೊಳೆ ದಂಡೆಯ ಮೇಲೆ ಅವಳ ತವರು. ನಮ್ಮ ಪಕ್ಕದ ಮನೆಯ ನಿಂಗರಾಜುವನ್ನು ಮದುವೆಯಾಗಿ ಬಂದಳು. ನಿಂಗರಾಜು ನಾನು ಒಂದೇ ಬೆಂಚಿನಲ್ಲಿ ಕೂತು ಓದಿದವರು. ಅವನು ಪಾಂಡವಪುರದಲ್ಲಿ ಫಿಟ್ಟರ್ ಆಗಿದ್ದ, ಬೆಳಿಗ್ಗೆ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ. ಹಗಲೆಲ್ಲ ಆ ಮನೆಯಲ್ಲಿ ಸೋಮಮ್ಮನದೇ ಗಂಟಲು. ಅವಳು ಬಟ್ಟೆ ಒಗೆಯುವ ಸದ್ದು ಅರ್ಧ ಬೀದಿಗೆ ಕೇಳುತ್ತಿತ್ತು. ಒಗೆಯುತ್ತ ಒಗೆಯುತ್ತ ಕೋಳಿಯನ್ನು ಬೈಯುವಳು, ಕಾಗೆಯನ್ನು ಬೈಯುವಳು, ನಾನು ಬೇಲಿಯ ಈಚೆ ಕಂಡರೆ ನನ್ನನ್ನೂ ಬಿಡುತ್ತಿರಲಿಲ್ಲ. "ಏನಣ್ಣ, ಈವತ್ತು ಯಾರ ಜಲ್ಮ ಜಾಲಾಡ್ದೆ ಡೈರೀಲಿ?" ಎನ್ನುವಳು. ಅವಳು ಅಣ್ಣ ಅನ್ನುವುದನ್ನು ಕೇಳಿದರೆ ಒಡಹುಟ್ಟಿದವಳೇ ಕರೆದ ಹಾಗಿರುತ್ತಿತ್ತು.

ಮೊದಲು ರಂಜಿತ ಹುಟ್ಟಿದಳು. ಎರಡು ವರ್ಷಕ್ಕೆ ಗಂಡುಮಗು. ಹತ್ತೊಂಬತ್ತು ದಿನ ಇತ್ತು ಆ ಕೂಸು. ಜ್ವರ ಬಂತು, ಆಸ್ಪತ್ರೆಗೆ ಹೊರಡುವ ಹೊತ್ತಿಗೆ ಮಡಿಲಲ್ಲೇ ಹೋಗಿಬಿಟ್ಟಿತು. ಇನ್ನೂ ಹೆಸರಿಟ್ಟಿರಲಿಲ್ಲ. ನಮ್ಮಲ್ಲಿ ಹಸುಗೂಸನ್ನು ಸುಡುವುದಿಲ್ಲ, ಹೂಳುತ್ತೇವೆ. ಕಾಲುವೆ ಏರಿಯ ಪಕ್ಕ ಹೂಳೋಣ ಎಂದು ಹಿರಿಯರು ಎದ್ದರು. ಸೋಮಮ್ಮ ಬಾಗಿಲಿಗೆ ಅಡ್ಡ ನಿಂತಳು.

"ನನ್ ಕೂಸ ಏರಿ ಮ್ಯಾಲೆ ಯಾಕ್ ಆಕ್ತೀರಿ? ಓಗೋ ಬರೋ ದನ ತುಳ್ಕಂಡ್ ಓಗ್ಲಿ ಅಂತಾವಾ? ಇತ್ಲಲ್ಲಿ ಜಾಗ ಇಲ್ವಾ?"

ಅವಳ ಮಾವ ಆಗ ಇನ್ನೂ ಇದ್ದರು. ಮನೆಯ ಹಿಂದೆ ಬೇಡ, ಒಳ್ಳೆಯದಲ್ಲ ಎಂದು ಯಾರೋ ಎಂದದ್ದಕ್ಕೆ ಆ ಮುದುಕ, "ಅವ್ಳ್ ಯೋಳ್ದಂಗೆ ಮಾಡ್ರಪ್ಪ" ಎಂದುಬಿಟ್ಟರು. ನಿಂಗರಾಜುವಿಗೆ ಹಾರೆ ಹಿಡಿಯಲು ಕೈ ಬರಲಿಲ್ಲ. ಹಿತ್ತಲಿನ ಮೂಲೆಯಲ್ಲಿ ಗುಂಡಿ ತೋಡಿದವನು ನಾನು. ಮುಚ್ಚಿದವನೂ ನಾನೇ.

ಹನ್ನೊಂದನೆಯ ದಿನ ಅವಳ ಅಣ್ಣ ಹೇಮಗಿರಿ ಕಡೆಯಿಂದ ಎರಡು ತೆಂಗಿನ ಸಸಿ ತಂದ. ಒಂದನ್ನು ಕೂಸಿನ ತಲೆಯ ದಿಕ್ಕಿಗೆ ನೆಟ್ಟರು. ಇನ್ನೊಂದು ಮಿಕ್ಕಿತಲ್ಲ, ಸುಮ್ಮನೆ ಯಾಕೆ ಬಿಸಾಡಬೇಕು ಎಂದು ಆ ತುದಿಯ ಬಚ್ಚಲ ಮೋರಿಯ ಹತ್ತಿರ ಊರಿದರು. ಸೋಮಮ್ಮ ಬಟ್ಟೆ ಒಗೆಯುವ ಕಲ್ಲನ್ನು ಉರುಳಿಸಿಕೊಂಡು ಬಂದು ಮೂಲೆಯ ಸಸಿಯ ಪಕ್ಕ ಹಾಕಿಕೊಂಡಳು. ಆಮೇಲೆ ಒಗೆಯುವಾಗ ಅವಳ ಬೈಗುಳ ಕಡಿಮೆಯಾಯಿತು. ಸಣ್ಣ ದನಿಯಲ್ಲಿ ಏನೋ ಮಾತಾಡುತ್ತಿದ್ದಳು, ಯಾರ ಹತ್ತಿರ ಎಂದು ನಾವ್ಯಾರೂ ಕೇಳಲಿಲ್ಲ.

ನಿಂಗರಾಜುವಿಗೆ ಮಸ್ಕತ್ತಿನಲ್ಲಿ ಕೆಲಸ ಸಿಕ್ಕಿತು. ಅವನು ಮೊದಲು ಹೋದ. ಮಾವ ತೀರಿಕೊಂಡ ಮೇಲೆ, ಎಂಬತ್ತೈದನೆಯ ಇಸವಿಯಲ್ಲಿ, ಸೋಮಮ್ಮನೂ ರಂಜಿತಳೂ ಹೊರಟರು. ಹೊರಡುವ ದಿನ ಬೀಗದ ಕೈ ಕೊಟ್ಟವಳು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು.

"ಅಣ್ಣ, ಎಂಚು ಒಡುದ್ರೆ ಒಡೀಲಿ, ಗ್ವಾಡೆ ಬಿದ್ರೆ ಬೀಳ್ಲಿ. ಇದ್ಕೆ ಮಾತ್ರ ನೀರ ತಪ್ಪಿಸ್ಬ್ಯಾಡ. ಇದ ನಿನ್ ಕೈಗೆ ಮಡಗಿ ಓಯ್ತಾ ಇವ್ನಿ."

"ನನ್ ಮಗೀನಂಗೆ ನೋಡ್ಕತೀನಿ, ಓಗವ್ವ" ಎಂದೆ. ಎಷ್ಟು ಸುಲಭವಾಗಿ ಬಾಯಿಗೆ ಬಂತು ಆ ಮಾತು!

ತಿಂಗಳಿಗೊಂದು ಕಾಗದ ಬರುತ್ತಿತ್ತು. ನಿಂಗರಾಜು ಅಲ್ಲಿಯ ಬಿಸಿಲು, ಅಲ್ಲಿಯ ಮೀನು, ಅಲ್ಲಿಯ ಮೇಸ್ತ್ರಿಯ ವಿಷಯ ಎರಡು ಮಗ್ಗುಲು ಬರೆಯುತ್ತಿದ್ದ. ಕೊನೆಯಲ್ಲಿ ದಪ್ಪ ದಪ್ಪ ಅಕ್ಷರದಲ್ಲಿ ಸೋಮಮ್ಮನ ಒಂದೇ ಸಾಲು: "ಅಣ್ಣ ಗಿಡ ಹೇಗಿದೆ?" ಅವಳು ಓದಿದ್ದು ನಾಲ್ಕನೆಯ ಕ್ಲಾಸು. ನಾನು ನಿಷ್ಠೆಯಿಂದ ಬರೆಯುತ್ತಿದ್ದೆ. ನನ್ನ ಎದೆಯ ಮಟ್ಟ ಬಂದಿದೆ. ಮಂಚಮ್ಮನ ತಲೆಗಿಂತ ಮೇಲಾಗಿದೆ. ಮಂಚಮ್ಮ ನನ್ನ ಹೆಂಡತಿ, ಅವಳನ್ನು ಗಿಡದ ಪಕ್ಕ ನಿಲ್ಲಿಸಿಯೇ ಅಳೆದು ಬರೆದದ್ದು. ಅಲ್ಲಿಯವರೆಗೆ ನನ್ನ ಕಾಗದದಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಆಮೇಲೆ ನಾನು ಎರಡು ಸೀಮೆಹಸು ತಂದೆ. ನಮ್ಮ ಹಿತ್ತಲು ಅಂಗೈಯಷ್ಟಗಲ. ನಿಮ್ಮ ಹಿತ್ತಲಿನಲ್ಲಿ ಕಟ್ಟಿಕೊಳ್ಳಲೇ ಎಂದು ಬರೆದು ಕೇಳಿದೆ, ಕಟ್ಟಿಕೊಳ್ಳೋ, ಅದಕ್ಕೇನು ಕೇಳುವುದು ಎಂದು ನಿಂಗರಾಜು ಬರೆದ. ಹಸು ಕಟ್ಟಿದ ಮೇಲೆ ಸಗಣಿ ಎಲ್ಲಿಗಾದರೂ ಹಾಕಬೇಕಲ್ಲ. ಮೂಲೆಯ ಗಿಡದಿಂದ ಐದಾರು ಮಾರು ಈಚೆಗೆ ತಿಪ್ಪೆ ಹಾಕಿದೆ. ಎರಡಿದ್ದ ಹಸು ನಾಲ್ಕಾಯಿತು. ತಿಪ್ಪೆ ಒಂದೊಂದೇ ಮಂಕರಿ ಬೆಳೆಯುತ್ತ ಗಿಡದ ಬುಡಕ್ಕೆ ಹೋಯಿತು. "ಅಲ್ಲಿ ಆಕ್ಬ್ಯಾಡಿ ಅಂದ್ರೆ ಕೇಳಾಕಿಲ್ವಲ್ಲ ನೀವು" ಎಂದು ಮಂಚಮ್ಮ ಬೈದಳು. "ಗೊಬ್ರ ಕಣೇ, ಗಿಡಕ್ಕೆ ಒಳ್ಳೇದೇಯ" ಎಂದೆ. ಅಷ್ಟು ದೊಡ್ಡ ಬುದ್ಧಿವಂತ ನಾನು.

ತೆಂಗಿನ ಸುಳಿ ಕೊರೆಯುವ ಕರಿ ದುಂಬಿ ತಿಪ್ಪೆಯಲ್ಲೇ ಮರಿ ಮಾಡುತ್ತದೆ. ಇದು ನನಗೆ ಗೊತ್ತಿರಲಿಲ್ಲವೇ ಎಂದರೆ, ಗೊತ್ತಿತ್ತು. ಕೃಷಿ ಇಲಾಖೆಯವನೊಬ್ಬ ಡೈರಿಯ ಮುಂದೆ ನಿಂತು ಬಾಯಿ ಬಡಿದುಕೊಂಡು ಹೇಳಿದ್ದ. ನಾಳೆ ತೆಗೆದರಾಯಿತು, ಈ ಕುಯ್ಲು ಮುಗಿದ ಮೇಲೆ ತೆಗೆದರಾಯಿತು, ಗಾಡಿ ಸಿಕ್ಕಿದಾಗ ತೆಗೆದರಾಯಿತು ಎಂದು ಒಂದು ವರ್ಷ ತಳ್ಳಿದೆ. ಎಂಬತ್ತೊಂಬತ್ತರ ಬೇಸಿಗೆಯಲ್ಲಿ ನೋಡಿದರೆ ಸುಳಿ ವಾಲಿತ್ತು. ಕೊಕ್ಕೆ ಹಾಕಿ ದುಂಬಿ ಎಳೆದೆ, ಮರಳಿಗೆ ಉಪ್ಪು ಬೆರೆಸಿ ತುಂಬಿದೆ. ಒಂದು ದಿನ ಹಿಡಿದು ಅಲ್ಲಾಡಿಸಿದರೆ ಕೊಳೆತ ಸುಳಿ ನನ್ನ ಕೈಗೇ ಬಂತು. ಆ ನಾತ ಈಗಲೂ ಮೂಗಿನಲ್ಲಿದೆ. ಬೊಡ್ಡೆ ಕಿತ್ತೆ. ಕಿತ್ತ ಜಾಗಕ್ಕೆ ತಿಪ್ಪೆ ತಾನಾಗಿಯೇ ಜರುಗಿ ಮುಚ್ಚಿಕೊಂಡಿತು. ಹೆತ್ತವಳು ನನ್ನ ಕೈಗಿಟ್ಟು ಹೋದ ಕೂಸಿನ ಮೇಲೆ ನಾನು ಸಗಣಿ ಸುರಿದೆ, ಇದನ್ನು ಬೇರೆ ಯಾವ ಮಾತಿನಲ್ಲಿ ಹೇಳಿದರೂ ಸುಳ್ಳಾಗುತ್ತದೆ.

ಅದೇ ವಾರ ಕಾಗದ ಬಂತು. ಗಿಡ ಹೇಗಿದೆ?

ಮೂರು ದಿನ ಕೂತು, "ಬಚ್ಚಲ ಹತ್ತಿರದ ಗಿಡವನ್ನು ದುಂಬಿ ತಿಂದುಹಾಕಿತು. ನಿನ್ನ ಗಿಡ ಚೆನ್ನಾಗಿದೆ" ಎಂದು ಬರೆದೆ. ದೂರದೇಶದಲ್ಲಿರುವವಳು, ಕಾಗದದಲ್ಲಿ ಓದಿ ಗೋಳಾಡುವುದು ಬೇಡ, ಬಂದಾಗ ಮುಖ ನೋಡಿ ಹೇಳೋಣ ಎಂದು ನನಗೆ ನಾನೇ ಹೇಳಿಕೊಂಡೆ. ಅಂಚೆ ಡಬ್ಬಕ್ಕೆ ಹಾಕಿ ಬಂದ ಮೇಲೆ ಮಂಚಮ್ಮ ಎರಡು ದಿನ ನನಗೆ ಮುಖ ಕೊಟ್ಟು ಮಾತಾಡಲಿಲ್ಲ.

ತೊಂಬತ್ತೆರಡರಲ್ಲಿ ನಿಂಗರಾಜುವಿನ ಚಿಕ್ಕಪ್ಪನ ಮಗಳ ಮದುವೆಗೆ ಅವರು ಬರುತ್ತೇವೆಂದು ಬರೆದರು. ಮುಖ ನೋಡಿ ಹೇಳುವ ಗಳಿಗೆ ಬಂತಲ್ಲ! ನಾನು ಏನು ಮಾಡಿದೆ ಗೊತ್ತೇ? ಹಾರೆ ತೆಗೆದುಕೊಂಡು ಹೋಗಿ, ತಿಪ್ಪೆಯ ಅಂಚಿನಲ್ಲಿ ಹೂತುಹೋಗಿದ್ದ ಒಗೆಯುವ ಕಲ್ಲನ್ನು ಮೀಟಿ, ಹಿತ್ತಲಿನ ಉದ್ದಕ್ಕೂ ಉರುಳಿಸಿಕೊಂಡು ಹೋಗಿ, ಮೋರಿಯ ಹತ್ತಿರದ ಎರಡನೆಯ ತೆಂಗಿನ ಪಕ್ಕ ಹಾಕಿದೆ. ಮಟಮಟ ಮಧ್ಯಾಹ್ನ, ಬೆವರು ಸುರಿಸಿಕೊಂಡು. ಮಂಚಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಂದು ಕೈ ಹಿಡಿಯೇ ಎಂದರೆ, "ಆ ಪಾಪಕ್ಕೆ ನನ್ ಕೈ ಬರಾಕಿಲ್ಲ" ಎಂದು ಒಳಗೆ ಹೋದಳು. ಹಳೆಯ ಬಚ್ಚಲನ್ನು ನಿಂಗರಾಜುವೇ ಹೇಳಿ ಆಗಲೇ ಕೆಡವಿಸಿ ಮನೆಯ ಇನ್ನೊಂದು ಮಗ್ಗುಲಿಗೆ ಕಟ್ಟಿಸಿದ್ದ. ಮೋರಿ ಮುಚ್ಚಿತ್ತು. ಕೊಟ್ಟಿಗೆ ಎದ್ದಿತ್ತು. ಹಿತ್ತಲಿನ ಗುರುತಿಗೆ ಉಳಿದದ್ದು ಆ ಕಲ್ಲೊಂದೇ.

ಸೋಮಮ್ಮ ಬಂದವಳು ಒಂದು ಲೋಟ ನೀರನ್ನೂ ಕುಡಿಯದೆ ಹಿತ್ತಲಿಗೆ ಹೋದಳು. "ಇದೇನಣ್ಣ, ದಿಕ್ಕೇ ತಪ್ಪೋದಂಗಾಯ್ತಲ್ಲ" ಎಂದು ಅತ್ತಿತ್ತ ನೋಡಿದಳು. ಕಲ್ಲು ಕಂಡಿತು. ನೆಟ್ಟಗೆ ಅಲ್ಲಿಗೆ ನಡೆದಳು. ದಾರಿಯಲ್ಲಿ ತಿಪ್ಪೆ. ಸೆರಗನ್ನು ಮೂಗಿಗೆ ಹಿಡಿದು, "ಅಬ್ಬಬ್ಬ, ಏನ್ ಗಬ್ಬು ಮಾರಾಯ!" ಎಂದು ಬೇಗಬೇಗ ದಾಟಿ ಹೋದಳು. ಹೋಗಿ ಕಲ್ಲಿನ ಮೇಲೆ ಕೂತು, ಆ ಮರದ ಮೈ ಸವರಿ, "ಎಂಗ್ ಬೆಳುದ್ಬುಟ್ಟವ್ನೆ ನೋಡು" ಎಂದಳು. ಆಗಲಾದರೂ ಹೇಳಬಹುದಿತ್ತು. ಅವಳ ಮುಖದ ಮೇಲಿನ ಆ ಸಂತೋಷ ನೋಡಿ ಬಾಯಿ ಕಟ್ಟಿತು ಎಂದು ಆಗ ಅಂದುಕೊಂಡಿದ್ದೆ. ಅದೂ ಸುಳ್ಳು. ನನಗೆ ಹೆದರಿಕೆ, ಅಷ್ಟೇ.

ಮರುವರ್ಷ ಆ ಮರ ಮೊದಲ ಗೊನೆ ಬಿಟ್ಟಿತು. ಮೊದಲ ಕಾಯನ್ನು ಕರಿಘಟ್ಟದ ದೇವರಿಗೆ ಒಪ್ಪಿಸಿ ಬಾ ಎಂದು ಕಾಗದ ಬರೆಸಿದಳು. ಕಾಯನ್ನು ಟವೆಲಿನಲ್ಲಿ ಸುತ್ತಿಕೊಂಡು ಮೆಟ್ಟಿಲು ಹತ್ತಿದೆ. ಯಾರ ಹೆಸರಿನಲ್ಲಿ ಎಂದು ಅರ್ಚಕರು ಕೇಳಿದರು. ಹೆಸರಿಲ್ಲದ ಮಗು ಸ್ವಾಮಿ ಎಂದೆ. ಅವರು ನನ್ನನ್ನು ಒಂದು ಥರ ನೋಡಿ, ಸರಿ ಎಂದು ಒಳಗೆ ಹೋದರು. ದೇವರಿಗೂ ಸುಳ್ಳು ಹೇಳಿ ಬಂದೆನಲ್ಲ ಎಂದುಕೊಂಡು ಮೆಟ್ಟಿಲಿಳಿದೆ.

ತೊಂಬತ್ತೇಳರಲ್ಲಿ ಅವರ ಮಸ್ಕತ್ತಿನ ಋಣ ಮುಗಿಯಿತು. ರಂಜಿತಳ ಕಾಲೇಜಿಗೆ ಅನುಕೂಲ ಎಂದು ಮೈಸೂರಿನಲ್ಲಿ ಮನೆ ಕಟ್ಟಿಸಿದ್ದರು. ಹನ್ನೆರಡು ವರ್ಷ ಬೀಗ ಹಾಕಿದ ಮನೆಗೆ ಇನ್ನು ಬಂದು ಇರುವುದುಂಟೇ? ಅರಕೆರೆಯದನ್ನು ಕೊಟ್ಟುಬಿಡೋಣ ಎಂದು ತೀರ್ಮಾನಿಸಿದರು. ಪಟ್ಟಣದ ಗಿರಣಿಯವನೊಬ್ಬ ಗೋಡೌನು ಕಟ್ಟಿಸಲು ಜಾಗ ಬೇಕೆಂದು ಮುಂದೆ ಬಂದ. ನನ್ನ ಕೈಲಾಗುವುದಕ್ಕಿಂತ ಹೆಚ್ಚಿಗೇ ಕೊಡಲು ಅವನು ತಯಾರಿದ್ದ. ಸೋಮಮ್ಮ ಒಪ್ಪಲಿಲ್ಲ. ನಿಂಗರಾಜು ಬಂದು ನನ್ನ ಜಗುಲಿಯ ಮೇಲೆ ಕೂತು ಹೇಳಿದ:

"ಅವ್ನಿಗ್ ಕೊಟ್ರೆ ಮೊದ್ಲು ಮರ ಉರುಳಿಸ್ತಾನೆ, ಅಂಗಾಗಿ ಚಿಕ್ಕಸ್ವಾಮಣ್ಣಂಗೇ ಕೊಡಿ ಅಂತಾವ್ಳೆ ಕಣ್ಲಾ. ನಮ್ಮವ್ಳು ಮನೆ ಮಾರ್ತಾ ಇಲ್ಲ, ನಿನ್ನ ನಂಬಿ ಒಪ್ಪಿಸ್ತಾ ಅವ್ಳೆ. ನೀನ್ ಇರಗಂಟ ಆ ಮರಕ್ಕೆ ಕೊಡ್ಲಿ ತಾಕ್ಸಬಾರ್ದು, ಅಷ್ಟೆಯ."

ಆ ಮನೆ ನನಗೆ ಬೇಕಾಗಿತ್ತು. ಹಸುಗಳಿಗೆ ಬೇಕಾಗಿತ್ತು, ನಾಳೆ ಮಕ್ಕಳ ಕಾಲಕ್ಕೆ ಬೇಕಾಗಿತ್ತು, ಎಷ್ಟೋ ವರ್ಷದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದೆ. ನಿಜ ಹೇಳಿದರೆ ಕೈತಪ್ಪುತ್ತದೆ. ರಿಜಿಸ್ಟ್ರಿಗೆ ಒಂಬತ್ತು ದಿನವಿತ್ತು. ಅವರು ಊರಿನಲ್ಲೇ ಇದ್ದರು. ದಿನಾ ಬೆಳಿಗ್ಗೆ ಇವತ್ತು ಹೇಳಿಬಿಡುತ್ತೇನೆ ಎಂದು ಹೋಗುತ್ತಿದ್ದೆ, ಕಾಫಿ ಕುಡಿದು ವಾಪಸು ಬರುತ್ತಿದ್ದೆ. "ಇಂಗ್ ಬರೋ ಮನೆ ನಂಗ್ ಬ್ಯಾಡ. ನೀವ್ ಯೋಳ್ದೆ ಇದ್ರೆ ನಾನೇ ಯೋಳ್ತೀನಿ" ಎಂದಳು ಮಂಚಮ್ಮ. "ನೀ ಬಾಯ್ ಬುಟ್ರೆ ನಾನ್ ಕಾಲುವೆಗೆ ಬೀಳ್ತೀನಿ" ಎಂದು ಗದರಿಸಿದೆ. ಹೆಂಡತಿಯ ಬಾಯನ್ನೂ ಹಾಗೆ ಕಟ್ಟಿದೆ.

ಶ್ರೀರಂಗಪಟ್ಟಣದ ರಿಜಿಸ್ಟ್ರಾರ್ ಆಫೀಸಿನಲ್ಲಿ ಸೋಮಮ್ಮನ ಸಹಿಯೂ ಇರಲಿ ಎಂದು ಪತ್ರ ಬರೆಯುವವನು ಹೇಳಿದ್ದ. ಅವಳು ನಾಲಿಗೆ ಕಚ್ಚಿಕೊಂಡು ದಪ್ಪ ಅಕ್ಷರದಲ್ಲಿ ತನ್ನ ಹೆಸರು ಬರೆದಳು. ಬರೆದು ಪೆನ್ನನ್ನು ನನ್ನ ಕೈಗೆ ಕೊಟ್ಟು, "ಇನ್ ನಿಂದೇ ಕಣಣ್ಣ" ಎಂದು ನಕ್ಕಳು. ನಾನೂ ನಕ್ಕೆ. ಹನ್ನೆರಡೂವರೆಗೆ ಮನೆ ನನ್ನದಾಯಿತು.

ಅಲ್ಲಿಂದ ಕಾರಿನಲ್ಲಿ ಎಲ್ಲರೂ ಅರಕೆರೆಗೆ ಬಂದೆವು. ಸಾಮಾನೆಲ್ಲ ಹಿಂದಿನ ದಿನವೇ ಮೈಸೂರಿಗೆ ಹೋಗಿತ್ತು. ಕೊನೆಯ ಸಲ ಮನೆಗೆ ಕೈಮುಗಿದು ಹೋಗಬೇಕು ಎಂದಳು ಸೋಮಮ್ಮ. ಒಲೆಗೆ ಕುಂಕುಮ ಇಟ್ಟಳು. ಹೊಸ್ತಿಲಿಗೆ ಇಟ್ಟಳು. ಮಾವ ಕೂರುತ್ತಿದ್ದ ಜಾಗದಲ್ಲಿ ಒಂದು ಗಳಿಗೆ ನಿಂತಳು. ಆಮೇಲೆ ಮಸ್ಕತ್ತಿನಿಂದ ತಂದ ಹಾಲುಪುಡಿಯ ಖಾಲಿ ಡಬ್ಬ ಹಿಡಿದು ಹಿತ್ತಲಿಗೆ ನಡೆದಳು. ನಾವೆಲ್ಲ ಹಿಂದೆ ಹೋದೆವು. ಮರದ ಬುಡದಲ್ಲಿ ಕೂತು ಕೈಯಿಂದ ಮಣ್ಣು ಕೆದರಿ ಡಬ್ಬಕ್ಕೆ ತುಂಬತೊಡಗಿದಳು. ಮೈಸೂರಿನ ಮನೆಯ ಮುಂದೆ ಈ ಮಣ್ಣು ಹಾಕಿ ಇದರ ಕಾಯಿಯನ್ನೇ ಊರಬೇಕಂತೆ. ರಂಜಿತ ದೂರ ನಿಂತಿದ್ದಳು, ಹದಿನೆಂಟು ವರ್ಷದ ಹುಡುಗಿ, ಅವಳಿಗೆ ಇದೆಲ್ಲ ಸ್ವಲ್ಪ ಸಂಕೋಚ.

"ಬಾ ಇಲ್ಲಿ. ನಿನ್ ತಮ್ಮ ಕಣವ್ವ. ಕೈ ಮುಗಿ" ಎಂದಳು ಸೋಮಮ್ಮ.

ಆ ಹುಡುಗಿ ಚಪ್ಪಲಿ ಬಿಟ್ಟು ಬಂದು, ಕಣ್ಣು ಮುಚ್ಚಿ, ನನ್ನ ಸುಳ್ಳಿಗೆ ಕೈಮುಗಿಯಿತು.

"ಸೋಮಮ್ಮ, ಮಣ್ ತಗೀಬ್ಯಾಡ" ಎಂದೆ. "ಅದಲ್ಲ ಮರ."

"ಯಾವ್ದಲ್ಲ?"

"ಈ ಮರ ಅಲ್ಲ. ಇದು ಬಚ್ಚಲ ತಾವಿದ್ದ ಗಿಡ. ನಿನ್ ಗಿಡ ಸತ್ತು ಎಂಟ್ ವರ್ಸ ಆಯ್ತು. ನಾನೇ ಸಾಯಿಸ್ದೆ. ಕಲ್ಲ ನಾನೇ ತಂದು ಇಲ್ಲಿ ಆಕ್ದೆ."

ಎಂಟು ವರ್ಷ ಆಡದ ಮಾತು ಈಗ ಯಾಕೆ ಬಂತು? ಆ ಹುಡುಗಿಯ ಮುಖ ನೋಡಿ ತಡೆಯಲಾಗಲಿಲ್ಲ ಎಂದು ಬೇಕಾದರೆ ಹೇಳಿಕೊಳ್ಳಬಹುದು. ಆದರೆ ಒಂಬತ್ತು ದಿನ ಮುಚ್ಚಿದ್ದ ಬಾಯಿ ತೆರೆದದ್ದು ಪತ್ರ ನನ್ನ ಜೇಬಿಗೆ ಬಂದ ಮೇಲೆ. ಅದನ್ನು ನಾನು ಹೇಗೆ ಮರೆಯಲಿ?

ನಿಂಗರಾಜು ನನ್ನ ಕತ್ತಿನ ಪಟ್ಟಿ ಹಿಡಿದ. "ಥೂ ನಿನ್ ಜಲ್ಮಕ್ಕೆ! ಇದ್ಕೇನ್ಲಾ ನಿನ್ ಕೈಗ್ ಮನೆ ಕೊಟ್ಟಿದ್ದು?" ಎಂದು ಜಗ್ಗಿದ. ಹೊಡೆದಿದ್ದರೆ ಚೆನ್ನಾಗಿತ್ತು. ಸೋಮಮ್ಮ ಅವನ ಕೈ ಬಿಡಿಸಿದಳು. ಅರ್ಧ ಬೀದಿಗೆ ಕೇಳುವ ಆ ಗಂಟಲು ಎಲ್ಲಿ ಹೋಯಿತೋ. "ಎಲ್ಲಿ, ತೋರ್ಸು" ಎಂದಳು, ಅಷ್ಟೇ.

ಬೆರಳು ಮಾಡಿ ತೋರಿಸಿದೆ. ಎದೆಯೆತ್ತರದ ತಿಪ್ಪೆ, ಮೇಲೆ ಅಂದಿನ ಹಸಿ ಸಗಣಿ, ಮುತ್ತಿದ ನೊಣ.

ರಿಜಿಸ್ಟ್ರಿಗೆಂದು ಉಟ್ಟಿದ್ದ ರೇಷ್ಮೆ ಸೀರೆಯಲ್ಲಿ ಹೋಗಿ ಅದರ ಬುಡದಲ್ಲಿ ಕೂತಳು. ಈ ಸಲ ಮೂಗು ಮುಚ್ಚಿಕೊಳ್ಳಲಿಲ್ಲ. ಮಂಚಮ್ಮ ಹೋಗಿ ಪಕ್ಕ ಕೂತಳು. "ನಿಂಗೂ ಗೊತ್ತಿತ್ತಾ ಅಕ್ಕ?" ಎಂದು ಸೋಮಮ್ಮ ಕೇಳಿದಳು. ಮಂಚಮ್ಮ ತಲೆಯಾಡಿಸಿ, "ದೀಪಾವಳೀಲಿ ತಿಪ್ಪೆಗೆ ಪೂಜೆ ಮಾಡೋವಾಗ ಒಂದ್ ದೀಪ ತಿಪ್ಪೆಗೆ, ಇನ್ನೊಂದ್ ಕೂಸ್ಗೆ ಅಂತ ಮಡಗ್ತಿದ್ದೆ ಕಣವ್ವ. ಇನ್ನೇನೂ ಮಾಡಾಕಾಗ್ಲಿಲ್ಲ ನನ್ ಕೈಲಿ" ಎಂದಳು. ಎರಡು ದೀಪ ಯಾಕೆ ಎಂದು ಅಷ್ಟು ವರ್ಷದಲ್ಲಿ ಒಂದು ದಿನವಾದರೂ ನಾನು ಕೇಳಿದ್ದರೆ ತಾನೇ!

ಸೋಮಮ್ಮ ಬಳೆಗಳನ್ನು ಮೇಲಕ್ಕೆ ಸರಿಸಿ ತಿಪ್ಪೆಯೊಳಗೆ ಕೈ ತೂರಿಸಿದಳು. ಮೊಣಕೈವರೆಗೂ ತೂರಿಸಿ ಹಾಗೇ ಇದ್ದಳು.

"ಬೆಚ್ಚಗದೆ" ಎಂದಳು.

ಎದ್ದು ಬಂದು ಡಬ್ಬದ ಮಣ್ಣನ್ನು ಎರಡನೆಯ ತೆಂಗಿನ ಬುಡಕ್ಕೇ ವಾಪಸು ಸುರಿದು, ಪಾದದಿಂದ ಅದುಮಿದಳು. ತೊಟ್ಟಿಯಲ್ಲಿ ಕೈ ತೊಳೆದಳು. ಬೇರೆ ಮಣ್ಣೇನೂ ತೆಗೆದುಕೊಳ್ಳಲಿಲ್ಲ. ತಿಪ್ಪೆ ಈಗಲೇ ತೆಗೆಸುತ್ತೇನೆ, ಇವತ್ತೇ ಗಾಡಿ ತರಿಸುತ್ತೇನೆ ಎಂದು ನಾನು ಹಿಂದೆ ಹಿಂದೆ ಓಡಾಡಿದೆ. ಅವಳು ಸೀದಾ ಕಾರಿನ ಕಡೆಗೆ ನಡೆದಳು.

ನಿಂಗರಾಜುವೂ ರಂಜಿತಳೂ ಕಾರಿನಲ್ಲಿ ಕೂತಾಗಿತ್ತು. ಸೋಮಮ್ಮ ಬಾಗಿಲು ಹಿಡಿದು ನಿಂತು ಮೊದಲ ಸಲ ನನ್ನ ಮುಖ ನೋಡಿದಳು.

"ಈವತ್ ಬೆಳಿಗ್ಗೆನಾದ್ರೂ ಯೋಳ್ಬೋದಾಗಿತ್ತಲ್ಲಣ್ಣ, ಪಟ್ಣಕ್ ಓಗಾಕ್ ಮುಂಚೆ."

"ಯೋಳಿದ್ರೆ ನೀನ್ ಮನೆ ಕೊಡ್ತಿರ್ಲಿಲ್ಲ ಸೋಮಮ್ಮ" ಎಂದೆ. ಇನ್ನು ಮುಚ್ಚಿಡುವುದಕ್ಕೆ ನನ್ನಲ್ಲಿ ಏನಿತ್ತು?

"ಕೊಡ್ತಿದ್ದೆ ಕಣಣ್ಣ" ಎಂದಳು. "ಬಯ್ತಿದ್ದೆ, ಅಳ್ತಿದ್ದೆ, ನಿಂಗೇ ಕೊಡ್ತಿದ್ದೆ."

ಅಷ್ಟು ಹೇಳಿ ಒಳಗೆ ಕೂತು ಬಾಗಿಲು ಹಾಕಿಕೊಂಡಳು.